ಹುಸಿ ವಿಚಾರಣೆ

ಅಷ್ಟು ಕಟುವಾದ ಪ್ರಶ್ನೆ ಎದುರಾದರೂ ದರ್ಜಿ ಅಕ್ಕ ಮುಗುಳ್ನಕ್ಕಳು. ಟೀಚರಮ್ಮನಿಗೆ ಅನುಮಾನ ಬಂದದ್ದೇ ಆಗ.

ಆಶ್ರಯ ಕೋರಿ ಗಡಿ ದಾಟಿ ಬಂದವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಆ ಪುಟ್ಟ ಆಫೀಸಿನಲ್ಲಿ ಟೀಚರಮ್ಮನದ್ದು ಕೆಟ್ಟವಳ ಪಾತ್ರ. ವಾರವೆಲ್ಲ ಮಕ್ಕಳಿಗೆ ಲೆಕ್ಕ ಕಲಿಸುವವಳು, ಶನಿವಾರ ಇಲ್ಲಿ ಬಂದು ವಿಚಾರಣಾಧಿಕಾರಿಯಂತೆ ಹುಬ್ಬು ಗಂಟಿಕ್ಕಿ ಕೂರಬೇಕು. ನಿಜವಾದ ವಿಚಾರಣೆಯಲ್ಲಿ ಯಾರೂ ಬೆದರಬಾರದೆಂದು ಈ ತಾಲೀಮು. ದರ್ಜಿ ಅಕ್ಕನ ಸರದಿ ಸೋಮವಾರ. ಅಲ್ಲಿ ಬಾಯಿ ಕಟ್ಟಿತೆಂದರೆ, ಗಂಡನನ್ನು ಕೊಂದವರ ಊರಿಗೇ ಅವಳನ್ನು ಮಗಳ ಸಮೇತ ವಾಪಸು ಅಟ್ಟುತ್ತಾರೆ.

ಪಕ್ಕದಲ್ಲಿ ದುಭಾಷಿ ಕೂತಿದ್ದ. ಅವನೂ ಅದೇ ಊರು ಬಿಟ್ಟು ಬಂದವನು, ಈಗ ಸಿಟಿ ಬಸ್ಸಿನ ಡ್ರೈವರ್. ಪ್ರಶ್ನೆ ಕೇಳುವಾಗ ದುಭಾಷಿಯ ಕಡೆ ನೋಡಬಾರದೆಂಬುದು ನಿಯಮ. ಟೀಚರಮ್ಮನ ಕಣ್ಣು ಮಾತ್ರ ಆ ನಿಯಮಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಮಾತು ಹುಡುಕುವಾಗ ಅವನು ಕೆಳತುಟಿ ಕಚ್ಚುತ್ತಿದ್ದ. ಅವಳು ನೋಡುತ್ತಿದ್ದಾಳೆಂದು ಗೊತ್ತಾದರೆ ಸಾಕು, ಕಿವಿ ಕೆಂಪಾಗುತ್ತಿತ್ತು.

ಈಗ ಅವಳು ಅವನನ್ನು ಮೆಟ್ಟಿಲ ಬಳಿಗೆ ಕರೆದಳು.

"ಗಂಡನ್ನ ಹೊಡೀತಿದ್ದಾಗ ಬಿಟ್ಟು ಓಡಿಹೋದ್ರಿ ಅಲ್ವಾ, ಅಂತ ನಾನು ಕೇಳಿದ್ದು. ಅದಕ್ಕೆ ಅವರು ನಗ್ತಾರಾ? ನೀವೇನು ಹೇಳಿದ್ರಿ?"

ಅವನು ನೆಲ ನೋಡಿದ. "ನಿಮ್ಮೆಜಮಾನ್ರು ಎಂಥವರು ಅಂತ ಕೇಳ್ದೆ."

"ಯಾವಾಗಿಂದ ಹೀಗೆ?"

"ಮೊದಲಿಂದಾನೂ. ಬೈಯ್ರಿ, ಪರವಾಗಿಲ್ಲ. ನಮ್ಮಮ್ಮನಿಗೂ ವಿಚಾರಣೇಲಿ ಹೀಗೇ ಕೇಳಿದ್ರು, ಟೀಚರ್. ಅಮ್ಮ ಬಾಯೇ ಬಿಡ್ಲಿಲ್ಲ. ಅವರನ್ನ ವಾಪಸ್ ಕಳ್ಸಿದ್ರು, ನಾನು ಇಲ್ಲೇ ಉಳ್ಕೊಂಡೆ. ಅಂಥ ಮಾತು ನನ್ನ ಬಾಯಿಂದ ಬರಲ್ಲ."

ಅವಳ ಸಿಟ್ಟು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

"ಸೋಮವಾರ ಅಲ್ಲಿ ಬೇರೆ ದುಭಾಷಿ ಇರ್ತಾರೆ. ಅವರು ಇದ್ದದ್ದು ಇದ್ದ ಹಾಗೇ ಹೇಳ್ತಾರೆ. ಅಕ್ಕ ಈ ಪ್ರಶ್ನೇನ ಮೊದಲನೇ ಸಲ ಅಲ್ಲೇ ಕೇಳಿಸ್ಕೋಬೇಕಾ?"

"ನಿಮ್ಮ ಮುಖಾನೇ ನೋಡಲ್ಲ ಆಮೇಲೆ ಅವರು."

"ನೋಡ್ದೇ ಇರ್ಲಿ. ಬೇಕಾದ್ರೆ ನೀವೂ ನೋಡ್ಬೇಡಿ."

"ಅದು ನನ್ನ ಕೈಲಾಗಲ್ಲ," ಎಂದ ಅವನು. ಬೇರೆ ಹೊತ್ತಾಗಿದ್ದರೆ ಅವಳು ಆ ಮಾತನ್ನು ಹಿಡಿದು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಈಗ ನೇರ ಒಳಗೆ ನಡೆದಳು.

ಅದೇ ಪ್ರಶ್ನೆ ಮತ್ತೆ ಕೇಳಿದಳು. ಈ ಸಲ ದುಭಾಷಿ ಒಂದು ಪದವನ್ನೂ ಬಿಡದೆ ಹೇಳಿದ. ಅಕ್ಕನ ಮುಖ ಕಪ್ಪಿಟ್ಟಿತು. ಅವಳ ಮೌನ ಮುಗಿಯುವಂತೆಯೇ ಕಾಣಲಿಲ್ಲ. ತಾನೇ ಈ ಹೆಂಗಸಿನ ಬಾಯಿ ಮುಚ್ಚಿಸಿಬಿಟ್ಟೆನೇ ಎಂದು ಟೀಚರಮ್ಮನಿಗೆ ದಿಗಿಲಾಯಿತು.

ಕೊನೆಗೆ ಅಕ್ಕ ನೇರ ಅವಳನ್ನೇ ದಿಟ್ಟಿಸಿ ಮಾತಾಡಿದಳು.

"ಮಗಳು ಹೊಟ್ಟೇಲಿದ್ಲು," ದುಭಾಷಿ ಕನ್ನಡಕ್ಕೆ ತಂದ. "ಅದನ್ನ ಉಳಿಸು, ಓಡು ಅಂತ ಅವರೇ ಕೂಗಿದ್ರು. ಅವರು ಕೊನೇದಾಗಿ ಆಡಿದ ಮಾತು ಅದು. ನಡೆಸ್ಕೊಟ್ಟೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಅಕ್ಕನ ಈ ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸಿ ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅಕ್ಕನೇ ಅವನ ಬೆನ್ನು ಸವರಿದಳು.

ಸೋಮವಾರ ವಿಚಾರಣೆಯ ಕೋಣೆಯೊಳಗೆ ಅಕ್ಕ ಮತ್ತು ಅವಳ ವಕೀಲರಿಗಷ್ಟೇ ಪ್ರವೇಶ. ಟೀಚರಮ್ಮ ಮತ್ತು ದುಭಾಷಿ ಹೊರಗಿನ ಬೆಂಚಿನ ಮೇಲೆ, ನಡುವೆ ಮೂರನೆಯವರು ಕೂರುವಷ್ಟು ಜಾಗ ಬಿಟ್ಟು ಕೂತರು. ತೀರ್ಮಾನ ತಿಳಿಯಲು ಇನ್ನೂ ವಾರಗಳೇ ಬೇಕು. ಆದರೆ ಮುಚ್ಚಿದ ಬಾಗಿಲಾಚೆ ಅಕ್ಕನ ದನಿ ಕೇಳುತ್ತಿತ್ತು.

"ಏನು ಹೇಳ್ತಿದಾರೆ?"

"ಮಾತು ತಿಳೀತಿಲ್ಲ. ನಿಲ್ಲಿಸ್ದೆ ಹೇಳ್ತಿದಾರೆ, ಅಷ್ಟೇ." ಅವನು ಬಾಗಿಲನ್ನೇ ನೋಡುತ್ತಿದ್ದ. "ಅಮ್ಮನ ಸಲ ಇಂಥ ಬಾಗಿಲ ಹೊರಗೆ ಒಬ್ಬನೇ ಕೂತಿದ್ದೆ. ಒಳಗಿಂದ ಒಂದು ಸದ್ದೂ ಬರ್ಲಿಲ್ಲ."

ಟೀಚರಮ್ಮ ಸರಿದು ಬಂದು ಅವನ ಕೈ ಹಿಡಿದಳು. ಅವಳ ಕೈಯೂ ತಣ್ಣಗಿತ್ತು.

"ಇನ್ಮೇಲೆ ಒಬ್ರೇ ಕೂರ್ಬೇಡಿ," ಎಂದಳು. "ಎಲ್ಲೂ."