ಹಿಂದೆ ಸರಿದವನು

ಮೈದಾ ಅಂಟು ಕುದಿಯುವ ವಾಸನೆ ಎಂದರೆ ಅವಳಿಗೆ ಅಪ್ಪನ ಬೈಂಡಿಂಗ್ ಅಂಗಡಿ, ಅವಳ ಬಾಲ್ಯ. ಹಳೆಯ ಪುಸ್ತಕಗಳ ಅಂಟಿಗೆ ಹತ್ತುವ ಬೂಷ್ಟಿನ ಬೆನ್ನು ಹತ್ತಿ ಈ ಪ್ರಯೋಗಾಲಯ ಸೇರಿದ್ದೂ ಆ ಸೆಳೆತಕ್ಕೇ.

ಇವತ್ತು ಅದೇ ವಾಸನೆ ತುಂಬಿದ ಕೋಣೆಗೆ ಅವಳು ನುಗ್ಗಿದಳು. ಬೂಷ್ಟು ಬೆಳೆಸಲು ಅಂಟು ತಿರುವುತ್ತಿದ್ದವನು ತಲೆಯೆತ್ತಿದ. ಅಲ್ಲಿಯ ಹಿರಿಯ ಸಂಶೋಧಕ. ಮುಖ ಸದಾ ಬಿಗಿ, ಹಾಗಾಗಿ ಎಲ್ಲರ ಬಾಯಲ್ಲೂ ‘ಗುಮ್ಮ’.

"ನನ್ನ ಹೊಟ್ಟೆ ಮೇಲೆ ಯಾಕೆ ಹೊಡೆದ್ರಿ?"

ಅವನು ತಿರುವುವುದನ್ನು ನಿಲ್ಲಿಸಿದ.

ಅವಳು ಅರ್ಜಿ ಹಾಕಿದ್ದ ಯುರೋಪಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಎಂದರೆ ಸಂಬಳದ ಕೆಲಸ. ಇದ್ದದ್ದು ಒಂದೇ ಜಾಗ, ವಿಷಯ ಅವಳದೇ ಬೂಷ್ಟು. ಸಂಬಳವಿಲ್ಲದೆ ಹೋಗಿ ಓದುವ ಶಕ್ತಿ ಮನೆಗಿರಲಿಲ್ಲ. ಅರ್ಜಿದಾರರನ್ನು ಬಲ್ಲ ಇಬ್ಬರು ಅಲ್ಲಿಯ ಪ್ರೊಫೆಸರ್ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು. ಒಬ್ಬರು ಅವಳ ಕಾಲೇಜಿನ ಮೇಷ್ಟ್ರು, ಇನ್ನೊಬ್ಬ ಇವನು. ಅರ್ಜಿಯ ಸಾಲುಸಾಲಿಗೂ ತಕರಾರು ತೆಗೆದು ತಿದ್ದಿಸಿದವನು. ಅವಳ ಕುರ್ಚಿ ಕುಂಟುತ್ತದೆಂದು ಹೇಳದೆ ಕೇಳದೆ ಅದರ ಕಾಲಿಗೆ ರಟ್ಟು ಕೊಟ್ಟವನು.

ಬೆಳಿಗ್ಗೆ ಅಲ್ಲಿಂದ ಸಂದೇಶ ಬಂದಿತ್ತು: ಅವನು ಹಿಂದೆ ಸರಿದಿದ್ದಾನೆ. ಸಂಜೆಯೊಳಗೆ ಬೇರೊಬ್ಬರು ಮಾತಾಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬಹುದಿತ್ತಲ್ಲ ಎಂದು ಕೂಗಾಡಿದಳು. ಮುಖ್ಯಸ್ಥೆ ಮೇಡಂ ಹತ್ತಿರ ಹೇಳಿದ್ದೇನೆ ಎಂದು ಅವನು ಶುರುಮಾಡುವಷ್ಟರಲ್ಲಿ ಅವಳ ಹಿಂದೆ ಬಾಗಿಲು ಬಡಿದುಕೊಂಡಿತು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಷ್ಟ್ರಿಗೆ ಫೋನು, ಹಳೆಯ ಗೆಳತಿಗೆ ಫೋನು. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡಿಗೆ. ಅಷ್ಟೊಂದು ನಂಬಿದ್ದೆನಲ್ಲ... ಅವಳಿಗೆ ಹೆಚ್ಚು ಉರಿಯುತ್ತಿದ್ದುದು ಜಾಗ ಕೈತಪ್ಪುವುದಕ್ಕೋ, ತಪ್ಪಿಸಿದವನು ಅವನೆಂಬುದಕ್ಕೋ? ಅವಳಿಗೇ ತಿಳಿಯಲಿಲ್ಲ.

ಸಂಜೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಎದುರಾದರು. ಪ್ರೊಫೆಸರ್ ಜೊತೆ ತಾವೇ ಮಾತಾಡಿದ್ದಾಗಿಯೂ, ಮುಂದಿನ ವಾರ ಅವಳಿಗೆ ಸಂದರ್ಶನವೆಂದೂ ಹೇಳಿದರು. ಹಾಗೆ ಮಾತಾಡಿ ಎಂದು ಅವರಲ್ಲಿ ಕೇಳಿಕೊಂಡವನು ಗುಮ್ಮನೇ ಅಂತೆ.

"ತಾನೇ ಯಾಕೆ ಮಾತಾಡಲಿಲ್ಲ ಅಂತ ಅವನನ್ನೇ ಕೇಳಮ್ಮ," ಎಂದು ನಗುತ್ತಾ ಹೋದರು.

ಅವನು ಇನ್ನೂ ಅದೇ ಕೋಣೆಯಲ್ಲಿದ್ದ. ಅವಳು ಕೇಳಿದಳು.

"ಪ್ರೊಫೆಸರ್ ಮೊದಲು ಕೇಳಿದ್ದೇ, ನೀವು ನನಗೆ ಏನಾಗಬೇಕು ಅಂತ." ಅವನು ಕೈ ಒರೆಸಿಕೊಂಡ. "ಬಂಧು, ಬೇಕಾದವರು ಯಾರೂ ಶಿಫಾರಸು ಮಾಡೋ ಹಾಗಿಲ್ಲ. ಏನೂ ಆಗಬೇಕಿಲ್ಲ ಅನ್ನೋಕೆ ಹೋದೆ. ಬಾಯಿ ಬರಲಿಲ್ಲ."

ಬಾಗಿಲಲ್ಲಿದ್ದವಳು ಒಳಗೆ ಬಂದಳು.

"ಅದನ್ನ ನನಗೆ ಹೇಳೋದಲ್ವಾ?"

"ಹೇಳಿದ್ರೆ ನೀವು ಹೋಗೋದೋ ಬೇಡವೋ ಅಂತ ಯೋಚಿಸ್ತಿದ್ರಿ."

"ಈಗಲೂ ಯೋಚಿಸ್ತೀನಿ. ಆದ್ರೂ ಹೋಗ್ತೀನಿ." ಅವಳು ಅವನನ್ನೇ ನೋಡಿದಳು. "ನಾಲ್ಕು ವರ್ಷ, ಗೊತ್ತಲ್ಲ?"

"ಬೂಷ್ಟು ಬೆಳೆಯೋದನ್ನ ಕಾಯ್ತಾ ಕೂರೋದೇ ನನ್ನ ಕೆಲಸ ಅಲ್ವಾ?"

ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು, ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತಳು. ಬೆಳಿಗ್ಗೆಯಿಂದ ಅವಳು ಏನೂ ತಿಂದಿಲ್ಲವೆಂಬುದು ಅವನಿಗೆ ಹೇಗೋ ಗೊತ್ತಿತ್ತು. ಚೀಲದಿಂದ ತಾನೂ ಮುಟ್ಟದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವಳ ಕೈಗಿಟ್ಟ.