ಮೆಕ್ಸಿಕೋದಿಂದ ಬಂದ ಮುಖ

ಗಾಜಿನ ಕಪಾಟು ಖಾಲಿ. ಕದ್ರಿಯ ಚಿತ್ತರಂಜನ ಶೆಟ್ಟರು ಬೆಳಿಗ್ಗೆಯೇ ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದರು. ಎರಡು ವರ್ಷದ ಹಿಂದೆ ಹೆಂಡತಿ, ಮಗಳೊಡನೆ ಮೆಕ್ಸಿಕೋಗೆ ಹೋಗಿ, ಸ್ಪೇನಿನವರು ಕಟ್ಟಿದ ಊರುಗಳನ್ನೂ ಮಾಯಾ ಜನರ ಪಾಳು ಗುಡಿಗಳನ್ನೂ ನೋಡಿ ತಂದಿದ್ದ ಕರಿಕಲ್ಲಿನ ಮುಖ ಕಳವಾಯಿತಂತೆ. ಆ ಪ್ರವಾಸದ ಫೋಟೋ ನೋಡಿ, ಬಡಾಯಿ ಕೇಳಿ ಕೇಳಿ ಮಂಗಳೂರಿನ ಅರ್ಧ ಜನರ ಕಿವಿ ತೂತಾಗಿತ್ತು. ನಾಳೆ ಮದರಾಸಿನ ಪಂಡಿತರೊಬ್ಬರು ಅದನ್ನು ಪರೀಕ್ಷಿಸಲು ಬರುವವರಿದ್ದರು.

"ಬಾಗಿಯದೇ ಕೆಲಸ," ಎಂದರು ಶೆಟ್ಟರು. ಬಾಗಿ ಮನೆಗೆಲಸದವಳು. ಸಬ್‌ಇನ್ಸ್‌ಪೆಕ್ಟರ್ ಲೋಕಯ್ಯ ಬರುವಷ್ಟರಲ್ಲಿ ಪೇದೆ ಅವಳ ಕೈಗೆ ಹಗ್ಗ ಕಟ್ಟಿ, ಗುಡ್ಡ ಇಳಿಸಿ, ಠಾಣೆಗೆ ನಡೆಸಿದ್ದ. ಶೆಟ್ಟರ ಬಾಯಿಮಾತಿಗೆ ಸಾಕ್ಷಿ ಯಾರು ಕೇಳುತ್ತಾರೆ? ಹೀಗೇ ಬಿಟ್ಟರೆ ಅವಳಿಗೆ ಜೈಲು ಖಂಡಿತ.

*

ದೊಡ್ಡ ಮನೆಯವರ ದೊಡ್ಡ ಮಾತೆಂದರೆ ಲೋಕಯ್ಯನಿಗೆ ಮೈಯೆಲ್ಲ ಉರಿ. ಆದರೂ ಕುಲಶೇಖರದಲ್ಲಿ ಬಾಗಿಯ ಗುಡಿಸಲು ಜಾಲಾಡಿದ. ಸಿಕ್ಕಿದ್ದು ಚಾಪೆ, ಮಡಕೆ. ಆ ಮುಖವನ್ನು ಕೊಳ್ಳಲು ಶೆಟ್ಟರ ಬೆನ್ನು ಹತ್ತಿದ್ದ ವ್ಯಾಪಾರಿ ಒಸ್ವಾಲ್ಡ್‌ನನ್ನು ಹುಡುಕಿದ. ಆಸಾಮಿ ಹೋದ ವಾರವೇ ಬೊಂಬಾಯಿ ಸ್ಟೀಮರ್ ಹತ್ತಿದ್ದ.

ಮಧ್ಯಾಹ್ನ ಮತ್ತೆ ಕದ್ರಿ. ಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಹಂಡೆಯ ಒಲೆಯ ಮುಂದೆ ಶೆಟ್ಟರು ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಪಂಚೆಗೆಲ್ಲ ಬೂದಿ.

"ನಿಮಗೆ ಇಲ್ಲಿ ಎಂತ ಕೆಲಸ ಶೆಟ್ರೇ?"

"ಒಲೆ ಯಾರು ಹೊತ್ತಿಸಿದ್ದು ಮಾರಾಯ? ಇವತ್ತು ನನಗೆ ಸ್ನಾನ ಬೇಡ ಅಂತ ನಿನ್ನೆಯೇ ಹೇಳಿದ್ದೆ."

ಶೆಟ್ಟರ ಹೆಂಡತಿ ಸ್ವರ್ಣಲತಾ ಬಾಗಿಲಲ್ಲಿ ನಿಂತಿದ್ದರು. "ಮಗಳು ಬಾಣಂತಿ ಅಲ್ವಾ? ಬೆಳಿಗ್ಗೆ ಬಾಗಿಯೇ ಹೊತ್ತಿಸಿದ್ದು. ಬಾಣಂತಿ ಇರುವ ಮನೆಯಲ್ಲಿ ಈ ಒಲೆ ಆರ್ತದಾ?"

ಲೋಕಯ್ಯ ಒಂದು ಕೋಲು ತೆಗೆದುಕೊಂಡು ಒಲೆಯ ಹಿಂಬದಿ ಕೆದಕಿದ. ಬೂದಿಯೊಳಗಿಂದ ಮುಖ ಉರುಳಿ ಬಂತು. ಮೂಗು ಹೋಗಿತ್ತು.

*

"ಇದನ್ನು ಇಲ್ಲಿ ಇಟ್ಟವರು ಈ ಮನೆಯವರೇ. ಆದ್ರೆ ಮನೆ ಹೇಗೆ ನಡೀತದೆ ಅಂತ ಗೊತ್ತಿಲ್ಲದವರು," ಎಂದ ಲೋಕಯ್ಯ. "ಬಾಗಿ ದಿನಾ ಎರಡು ಹೊತ್ತು ಇಲ್ಲಿ ಬೆಂಕಿ ಹಾಕ್ತಾಳೆ. ಕದ್ದ ಮಾಲನ್ನು ತಾನೇ ಸುಡ್ತಾಳಾ? ಹೆಂಗಸರಿಗೆಲ್ಲ ಈ ಒಲೆಯ ಸಂಗತಿ ಗೊತ್ತುಂಟು. ಗೊತ್ತಿಲ್ಲದ್ದು ನಿಮಗೊಬ್ಬರಿಗೆ. ಹುಟ್ಟಿದಾಗಿನಿಂದ ಬಿಸಿನೀರು ಹೊಯ್ದುಕೊಂಡವರು, ಅದು ಹೇಗೆ ಕಾಯ್ತದೆ ಅಂತ ಒಂದು ದಿನ ನೋಡಿದವರಲ್ಲ. ನಿಮಗೆ ಸ್ನಾನ ಇಲ್ಲದಿದ್ರೆ ಒಲೆಯೂ ಇಲ್ಲ ಅಂದುಕೊಂಡ್ರಿ."

"ನನ್ನ ಮಾಲನ್ನು ನಾನೇ ಯಾಕೆ ಕದಿಯಲಿ?"

ಲೋಕಯ್ಯ ಮುಖವನ್ನು ಬೆಳಕಿಗೆ ಹಿಡಿದ. ಕರಿ ಬಣ್ಣ ಸುಟ್ಟುಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. "ಇದು ಕಲ್ಲಲ್ಲ, ನಮ್ಮ ಜೆಪ್ಪುವಿನ ಹಂಚಿನ ಕಾರ್ಖಾನೆಯ ಮಣ್ಣು. ಮದರಾಸಿನವರು ಒಮ್ಮೆ ಕೈಗೆತ್ತಿಕೊಂಡಿದ್ರೆ ನಿಮ್ಮ ಮಾನ ಮೂರು ಕಾಸು."

ಒಳಕೋಣೆಯಿಂದ ಬಾಣಂತಿ ಸ್ನೇಹಲತಾಳ ದನಿ ಬಂತು. "ಸಾಕು ಅಪ್ಪ. ನಾವು ಗೋವೆ ದಾಟಿಯೇ ಇಲ್ಲ. ಫೋಟೋದಲ್ಲಿರುವುದೆಲ್ಲ ಅಲ್ಲಿಯ ಕ್ರೈಸ್ತರ ಹಳೇ ಇಗರ್ಜಿ, ಮುರುಕು ಗೋಡೆ. ನಿಮ್ಮ ಬಡಾಯಿಗೆ ಬಾಗಿ ಜೈಲಿಗೆ ಹೋಗಬೇಕಾ?"

ಶೆಟ್ಟರು ಕಾರು ತರಿಸಲು ಹೇಳಿದರು.

"ಕಾರು ಬೇಡ. ಸುಳ್ಳು ದೂರು ಕೊಟ್ಟದ್ದಕ್ಕೆ ಠಾಣೆಗೆ ಬರಬೇಕು, ನಡೀರಿ. ಮೆಕ್ಸಿಕೋ ಸುತ್ತಿದ ಕಾಲಿಗೆ ಕದ್ರಿ ಗುಡ್ಡ ಇಳಿಯುವುದು ಕಷ್ಟವಾ?"

ಬಾಗಿ ಇಳಿದ ದಾರಿಯಲ್ಲೇ ಶೆಟ್ಟರು ಇಳಿದರು, ಮೂಗಿಲ್ಲದ ಮುಖವನ್ನು ಕಂಕುಳಲ್ಲಿ ಇಟ್ಟುಕೊಂಡು. ಠಾಣೆಯಲ್ಲಿ ಲೋಕಯ್ಯ ನಡೆದದ್ದನ್ನೆಲ್ಲ ಹೇಳಿ ಅವಳ ಕೈಯ ಹಗ್ಗ ಬಿಚ್ಚಿದಾಗ ಶೆಟ್ಟರು ನಾಚಿಕೆ ಬಿಟ್ಟು ಕೇಳಿದರು, "ಬಾಗೀ, ಮಗಳಿಗೆ ಸಂಜೆಯ ನೀರು ಆಗಬೇಕಲ್ಲ?"

ಬಾಗಿ ಮಣಿಕಟ್ಟು ಉಜ್ಜಿಕೊಂಡಳು.

"ಒಲೆ ಎಲ್ಲಿ ಉಂಟು ಅಂತ ಈಗ ಧಣಿಗಳಿಗೇ ಗೊತ್ತಾಯ್ತಲ್ಲ. ನಾನು ಮನೆಗೆ ಹೋಗ್ತೇನೆ."