ಎರಡು ತಂಡ, ಒಂದೇ ಸ್ಕೋರ್

"ಕೆಂಪು ತಂಡಕ್ಕೆ ಹತ್ತು," ಎಂದರು ಸ್ಕೋರ್‌ಬೋರ್ಡ್ ಪರೀಕ್ಷಿಸುತ್ತಿದ್ದ ಸೈನ್ಸ್ ಸರ್.

ಬ್ರಾಕೆಟ್ಟಮ್ಮ ಕೀಬೋರ್ಡ್ ಒತ್ತಿದಳು. ಲ್ಯಾಬಿನ ಗೋಡೆಯ ಮೇಲೆ ಕೆಂಪು ತಂಡದ ಕೆಳಗೆ ಹತ್ತು ಮೂಡಿತು. ಯಾರೂ ಕೇಳದಿದ್ದರೂ ಪಕ್ಕದಲ್ಲಿ ನೀಲಿ ತಂಡದ ಕೆಳಗೂ ಹತ್ತು ಬಂದು ಕೂತಿತು.

"ನೀಲಿಯವರು ಇನ್ನೂ ಬಾಯೇ ಬಿಟ್ಟಿಲ್ಲವಲ್ಲಮ್ಮ. ಅವರಿಗೆ ಯಾಕೆ ಹತ್ತು?" ಎಂದರು ಸರ್.

ಲ್ಯಾಬಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು.

ಬ್ರಾಕೆಟ್ಟಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಕಂಪ್ಯೂಟರ್ ಕ್ಲಬ್ಬಿನಲ್ಲಿ ಮಿಸ್ ಕಲಿಸುತ್ತಿದ್ದದ್ದು ಲಿಸ್ಪ್ ಎಂಬ ಭಾಷೆ. ಅದರಲ್ಲಿ ಏನು ಬರೆದರೂ ಸುತ್ತ ಬ್ರಾಕೆಟ್ ಹಾಕಬೇಕು. ಯಾರದ್ದಾದರೂ ಪ್ರೋಗ್ರಾಮಿನಲ್ಲಿ ಒಂದು ಬ್ರಾಕೆಟ್ ತಪ್ಪಿದರೆ ಇವಳಿಗೆ ದೂರದಿಂದಲೇ ಕಾಣುತ್ತಿತ್ತು. ಹಾಗಾಗಿ ಆ ಹೆಸರು. ಕರೆದಾಗ ಮೂತಿ ತಿರುಗಿಸುತ್ತಿದ್ದಳು, ಆದರೆ ಒಳಗೊಳಗೇ ಅವಳಿಗೆ ಅದು ಬಲು ಇಷ್ಟ.

ಮರುದಿನ ಮಧ್ಯಾಹ್ನ ಇಡೀ ಶಾಲೆಯ ಮುಂದೆ ಕ್ವಿಜ್. ಪ್ರತಿ ವರ್ಷ ಅಂಕಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಈ ಸಲ ಸ್ಕೋರ್‌ಬೋರ್ಡ್ ನಾವೇ ಮಾಡುತ್ತೇವೆ ಎಂದು ಕ್ಲಬ್ಬಿನವರು ಸೈನ್ಸ್ ಸರ್ ಬೆನ್ನು ಬಿದ್ದು ಒಪ್ಪಿಸಿದ್ದರು. ಈಗ ಸರ್ ಕನ್ನಡಕ ಒರೆಸಿಕೊಂಡರು. "ನಾಳೆ ಊಟದ ಬಿಡುವಿನೊಳಗೆ ಸರಿಹೋದರೆ ಇದು. ಇಲ್ಲದಿದ್ದರೆ ನನಗೆ ಸೀಮೆಸುಣ್ಣ ಸಾಕು," ಎಂದು ಹೊರಟೇಬಿಟ್ಟರು.

ತಪ್ಪು ಎಲ್ಲಿದೆ ಎಂದು ಮಿಸ್ ಕೂಡಲೇ ಕಂಡುಹಿಡಿದರು. ಕೆಂಪು ತಂಡದ ಭಾಗ ಬರೆದವಳು ಬ್ರಾಕೆಟ್ಟಮ್ಮ. ಅದರಲ್ಲಿ ಮೂರು ಫಂಕ್ಷನ್: ಒಂದು ಅಂಕ ಕೂಡುತ್ತದೆ, ಒಂದು ಕಳೆಯುತ್ತದೆ, ಇನ್ನೊಂದು ತೋರಿಸುತ್ತದೆ. ನೀಲಿ ತಂಡಕ್ಕೆ ಅಂಥದೇ ಮೂರನ್ನು ಬರೆದವನು ಏಣಿ, ಕ್ಲಾಸಿನಲ್ಲೇ ಎತ್ತರದ ಹುಡುಗ. ಅಂಕ ಇಟ್ಟುಕೊಳ್ಳಲು ಇಬ್ಬರೂ ಒಂದೊಂದು ವೇರಿಯಬಲ್ ಮಾಡಿದ್ದರು. ವೇರಿಯಬಲ್ ಅಂದರೆ ಹೆಸರು ಬರೆದಿಟ್ಟ ಡಬ್ಬಿ ಅನ್ನಿ. ಇಬ್ಬರೂ ಡಬ್ಬಿಗೆ 'ಸ್ಕೋರ್' ಎಂದೇ ಹೆಸರಿಟ್ಟು, ಪ್ರೋಗ್ರಾಮಿನ ಶುರುವಿನಲ್ಲೇ, ಎಲ್ಲರ ಕೈಗೂ ಸಿಗುವಂತೆ ಬಯಲಲ್ಲಿ ಇಟ್ಟಿದ್ದರು. ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಿದಾಗ ಎರಡು ಡಬ್ಬಿ ಹೋಗಿ ಒಂದೇ ಆಗಿತ್ತು.

ಇಬ್ಬರಲ್ಲಿ ಒಬ್ಬರು ಡಬ್ಬಿಯ ಹೆಸರು ಬದಲಾಯಿಸಿ ಎಂದು ಹೇಳಿ ಮಿಸ್ ಮೀಟಿಂಗಿಗೆ ಹೋದರು. ಎಷ್ಟು ಸುಲಭದ ಕೆಲಸ! ಆದರೆ ಬದಲಾಯಿಸುವವರು ಯಾರು?

"ನೀನೇ ಬದಲಾಯಿಸು. ಮೊದಲು ಬರೆದದ್ದು ನಾನು," ಎಂದಳು ಬ್ರಾಕೆಟ್ಟಮ್ಮ.

"ಮೊದಲು ಬರೆದರೆ ಸ್ಕೋರ್ ಅನ್ನೋ ಪದ ನಿಂದಾಗುತ್ತಾ?" ಎಂದ ಏಣಿ. ಅವನು ಬ್ಯಾಗು ಹೆಗಲಿಗೇರಿಸಿ ನಡೆದ.

ಅವಳು ಹಟಕ್ಕೆ ಬಿದ್ದು ಇನ್ನೊಂದು ದಾರಿ ನೋಡಿದಳು. ಬಯಲಲ್ಲಿದ್ದ ಡಬ್ಬಿಯನ್ನು ತೆಗೆದು, ತನ್ನ ಮೂರೂ ಫಂಕ್ಷನ್‌ಗಳ ಒಳಗೆ ಒಂದೊಂದು ಡಬ್ಬಿ ಇಟ್ಟಳು. ಹತ್ತು ಕೂಡಿದಳು. ತೋರಿಸು ಎಂದಳು. ಸೊನ್ನೆ ಬಂತು. ಕೂಡುವ ಫಂಕ್ಷನ್ ತನ್ನ ಡಬ್ಬಿಗೆ ಹತ್ತು ಹಾಕಿಕೊಂಡಿತ್ತು, ತೋರಿಸುವ ಫಂಕ್ಷನ್ ತನ್ನ ಖಾಲಿ ಡಬ್ಬಿಯನ್ನು ತೋರಿಸುತ್ತಿತ್ತು. ಐದು ಕಳೆ ಎಂದರೆ, ಕಳೆಯುವ ಫಂಕ್ಷನ್ ತನ್ನದೇ ಡಬ್ಬಿಯ ಸೊನ್ನೆಯಿಂದ ಐದು ಕಳೆದು ಮೂಲೆಯಲ್ಲಿ ಕೂತಿತು. ಅವಳಿಗೆ ಅಳುವೇ ಬಂತು.

ಶಾಲೆ ಬಿಟ್ಟ ಮೇಲೆ ಅವಳು ಹೋಗುತ್ತಿದ್ದದ್ದು ಅಪ್ಪನ ಸಲೂನಿಗೆ. ಅಲ್ಲಿ ಎರಡು ಕುರ್ಚಿ, ಎರಡು ಕನ್ನಡಿ. ಒಂದರ ಮುಂದೆ ಅಪ್ಪ, ಇನ್ನೊಂದರ ಮುಂದೆ ಚಿಕ್ಕಪ್ಪ. ಪ್ರತಿ ಕನ್ನಡಿಯ ಕೆಳಗೂ ಒಂದು ಹಲಗೆ, ಹಲಗೆಯ ಮೇಲೆ ಬಾಚಣಿಗೆ, ಕತ್ತರಿ, ನೀರು ಚಿಮುಕಿಸುವ ಬಾಟಲಿ.

ಅವಳು ಮುಖ ಊದಿಸಿಕೊಂಡು ಕೂದಲು ಗುಡಿಸುತ್ತಿದ್ದಾಗ ಅಪ್ಪ ಬಾಚಣಿಗೆ ಕೇಳಿದರು. ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಅಪ್ಪ ಅದನ್ನು ಬೆರಳಲ್ಲಿ ಆಡಿಸಿ ವಾಪಸ್ ಕೊಟ್ಟರು. "ಇದು ಚಿಕ್ಕಪ್ಪನದು ಪುಟ್ಟಿ. ಅಲ್ಲೇ ಇಡು."

ಎರಡೂ ಒಂದೇ ಥರ ಇದ್ದರೆ ನನಗೇನು ಗೊತ್ತಾಗಬೇಕು, ಹೆಸರಾದರೂ ಬರೆದಿಡಬಾರದಾ ಎಂದು ಅವಳು ರೇಗಿದಳು. ಬಾಚಣಿಗೆಗೂ ಹೆಸರಿಡಬೇಕೇನೇ ಎಂದು ಚಿಕ್ಕಪ್ಪ ನಕ್ಕರು.

"ನಾವಿಬ್ಬರೂ ಬಾಚಣಿಗೆ ಅಂತಲೇ ಅಂತೀವಿ," ಎಂದರು ಅಪ್ಪ. "ಯಾವ ಕನ್ನಡಿ ಮುಂದೆ ನಿಂತು ಕೇಳ್ತೀವೋ, ಆ ಕನ್ನಡಿಯ ಬಾಚಣಿಗೆ. ಅಷ್ಟೇ."

ಅಪ್ಪ ಗಿರಾಕಿಯ ಕೂದಲು ನೆನೆಸಿ ತಮ್ಮ ಬಾಚಣಿಗೆಯಲ್ಲಿ ಬಾಚಿದರು. ಅದೇ ಬಾಚಣಿಗೆಯಲ್ಲಿ ಎತ್ತಿಹಿಡಿದು ಕತ್ತರಿಸಿದರು. ಕೊನೆಗೆ ಬೈತಲೆ ತೆಗೆದದ್ದೂ ಅದರಲ್ಲೇ. ಚಿಕ್ಕಪ್ಪನ ಕೈ ಈ ಹಲಗೆಯ ಕಡೆ ಬರಲೇ ಇಲ್ಲ. ಬ್ರಾಕೆಟ್ಟಮ್ಮ ಪೊರಕೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಗಿರಾಕಿ ಎದ್ದು ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಲ್ಯಾಬಿನಲ್ಲಿದ್ದಳು. ಲಿಸ್ಪಿನಲ್ಲಿ 'ಲೆಟ್' ಎಂಬ ಪದವಿದೆ. ಬ್ರಾಕೆಟ್ ತೆರೆದು, ಲೆಟ್ ಎಂದು ಬರೆದು, ಹೊಸ ಡಬ್ಬಿ ಇಡಬಹುದು. ಆ ಬ್ರಾಕೆಟ್ ಮುಚ್ಚುವವರೆಗೆ ಏನೇನಿದೆಯೋ ಅವಕ್ಕಷ್ಟೇ ಆ ಡಬ್ಬಿ ಸಿಗುತ್ತದೆ, ಹೊರಗಿನವರಿಗೆ ಸಿಗುವುದಿಲ್ಲ. ನಿನ್ನೆ ಅವಳು ಲೆಟ್ ಅನ್ನು ಒಂದೊಂದು ಫಂಕ್ಷನ್ನಿನ ಹೊಟ್ಟೆಯೊಳಗೆ ತುರುಕಿದ್ದಳು. ಇವತ್ತು ಒಂದೇ ಒಂದು ಲೆಟ್ ಬರೆದು, ಮೂರು ಫಂಕ್ಷನ್‌ಗಳನ್ನೂ ಅದರೊಳಗೆ ಕೂರಿಸಿದಳು. ಹಳೆಯದೆಲ್ಲ ಅಳಿಸಿಹೋಗಲಿ ಎಂದು ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು.

ಹತ್ತು ಕೂಡಿದಳು. ಕೆಂಪಿಗೆ ಹತ್ತು, ನೀಲಿಗೆ ಸೊನ್ನೆ. ಐದು ಕಳೆದಳು. ಕೆಂಪಿಗೆ ಐದು, ನೀಲಿ ಅಲ್ಲಾಡಲಿಲ್ಲ. ಖಾಲಿ ಲ್ಯಾಬಿನಲ್ಲಿ ಅವಳೊಬ್ಬಳೇ ಕುಣಿದಳು.

ಬಾಗಿಲಲ್ಲಿ ಏಣಿ ನಿಂತಿದ್ದ. "ನಾನು ಹೆಸರು ಬದಲಾಯಿಸಲ್ಲ," ಎಂದ, ಒಳಗೆ ಕಾಲಿಡುವ ಮುಂಚೆಯೇ.

"ಬೇಡ. ನಾನೂ ಬದಲಾಯಿಸಿಲ್ಲ."

ಅವನು ಬಗ್ಗಿ ಅವಳ ಪ್ರೋಗ್ರಾಮ್ ನೋಡಿದ. ಲೆಟ್ ತೆರೆದಲ್ಲಿಂದ ಬ್ರಾಕೆಟ್ ಮುಚ್ಚುವವರೆಗೆ ಬೆರಳಾಡಿಸಿದ. ಆಮೇಲೆ ಕುರ್ಚಿ ಎಳೆದುಕೊಂಡು ತನ್ನ ಮೂರು ಫಂಕ್ಷನ್‌ಗಳ ಸುತ್ತಲೂ ಒಂದು ಲೆಟ್ ಕಟ್ಟತೊಡಗಿದ. ತಾನೇ ಮಾಡಿಕೊಡುತ್ತೇನೆ ಎನ್ನಲು ಅವಳ ನಾಲಿಗೆ ತುರಿಸುತ್ತಿತ್ತು. ಆದರೆ ಕೈ ಕಟ್ಟಿಕೊಂಡು ನಿಂತಳು. ಕೊನೆಯ ಬ್ರಾಕೆಟ್ ಅವನು ಮರೆತಾಗ ಮಾತ್ರ ಬೆರಳು ತೋರಿಸಿದಳು.

ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಸೈನ್ಸ್ ಸರ್ ಒಂದು ತುಂಡು ಸೀಮೆಸುಣ್ಣವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಮೊದಲ ಹತ್ತು ಕೆಂಪಿಗೆ ಬಂತು, ಕೆಂಪಿಗಷ್ಟೇ ಬಂತು. ನೀಲಿಯವರು ತಪ್ಪು ಹೇಳಿದರು. ತಪ್ಪಿಗೆ ಕಳೆಯುವ ಐದು ನೀಲಿಯಿಂದಷ್ಟೇ ಹೋಯಿತು. ನಾಲ್ಕಾರು ಪ್ರಶ್ನೆ ಕಳೆದ ಮೇಲೆ ಸರ್ ಸರಿಯಿದೆಯೇ ಎಂದು ಗೋಡೆಯ ಕಡೆ ತಿರುಗಿ ನೋಡುವುದನ್ನೇ ಬಿಟ್ಟರು.

ಬ್ರಾಕೆಟ್ಟಮ್ಮ ಕೆಂಪು ತಂಡದವಳು. ಅವಳ ತಂಡ ಅರ್ಧದವರೆಗೆ ಮುಂದಿತ್ತು, ಆಮೇಲೆ ಜಾರಿತು. ನೀಲಿ ಹತ್ತು ಹತ್ತಾಗಿ ಏರಿತು, ಕೆಂಪನ್ನು ಮುಟ್ಟಿತು, ದಾಟಿತು. ಅವಳ ಸುತ್ತ ಕೂತವರೆಲ್ಲ ಮುಖ ಸಪ್ಪೆ ಮಾಡಿಕೊಂಡರು. ಅವಳಿಗೂ ಬೇಸರವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

ಆದರೂ ಆ ನೀಲಿ ಸಂಖ್ಯೆ ಬದಲಾದಾಗಲೆಲ್ಲ ಅವಳು ಎದೆ ಸೆಟೆಸಿ ಕೂರುತ್ತಿದ್ದಳು. ಆಚೆ ಕಂಪ್ಯೂಟರಿನ ಬಳಿ ಏಣಿ ಕೂತಿದ್ದ. ಅವನು ಒಮ್ಮೆ ಇತ್ತ ನೋಡಿದ. ಅವಳು ತಲೆಯಾಡಿಸಿದಳು.

"ಲೇ, ಸೋಲ್ತಾ ಇದ್ದೀವಿ, ನಗ್ತೀಯಲ್ಲೇ?" ಎಂದಳು ಪಕ್ಕದ ಗೆಳತಿ.

"ಸರಿಯಾಗಿದೆ ಕಣೇ," ಎಂದಳು ಬ್ರಾಕೆಟ್ಟಮ್ಮ, ಗೋಡೆಯಿಂದ ಕಣ್ಣು ಕೀಳದೆ. "ಎರಡೂ ಸರಿಯಾಗಿದೆ."